ಸೆರೆಬ್ರಲ್ ಪಾಲ್ಸಿ: ಡಾ. ವಿಲಿಯಂ ಲಿಟಲ್ ಅವರ ಬದುಕು ನಿಮ್ಮ ಮಗುವಿನ ಸ್ನಾಯುಬಲದ ಬಗ್ಗೆ ಏನು ತಿಳಿಸುತ್ತದೆ?

ನಿಮ್ಮ ಮಗುವಿಗೆ ಸೆರೆಬ್ರಲ್ ಪಾಲ್ಸಿ ಇದೆ ಎಂದು ವೈದ್ಯರು ಹೇಳಿದ್ದರೆ, ಫೈಲಿನಲ್ಲಿ ಸ್ಪಾಸ್ಟಿಕ್ ಡೈಪ್ಲೀಜಿಯಾ ಎಂಬ ಪದವನ್ನು ನೀವು ನೋಡಿರಬಹುದು. ಎರಡೂ ಕಾಲುಗಳು ಬಿಗಿದುಕೊಂಡು, ಮಗು ತುದಿಗಾಲಲ್ಲಿ ನಡೆಯುವ ಅಥವಾ ನಡೆಯುವಾಗ ಕಾಲುಗಳು ಕತ್ತರಿಯಂತೆ ಒಂದಕ್ಕೊಂದು ಅಡ್ಡ ಬರುವ ಸ್ಥಿತಿ ಇದು. ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ: ಲಿಟಲ್ಸ್ ಡಿಸೀಸ್, ಅಂದರೆ ಲಿಟಲ್ ಕಾಯಿಲೆ.

ಈ ಲಿಟಲ್ ಯಾರು? ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಹುಟ್ಟಿದ ಒಬ್ಬ ವೈದ್ಯರು. ಆದರೆ ಅವರು ವೈದ್ಯರಾಗುವ ಮೊದಲು ರೋಗಿಯಾಗಿದ್ದರು. ಅವರದೂ ಒಂದು ಕಾಲು ತಿರುಚಿಕೊಂಡಿತ್ತು. ಅವರ ಬದುಕನ್ನು ತಿಳಿದುಕೊಂಡರೆ, ನಿಮ್ಮ ಮಗುವಿಗೆ ಇಂದು ಸ್ನಾಯುಬಲದ ವ್ಯಾಯಾಮವನ್ನು ಏಕೆ ಸೂಚಿಸುತ್ತಾರೆ ಮತ್ತು ಕೆಲವು ದಶಕಗಳ ಹಿಂದೆ ಅದನ್ನೇ ಏಕೆ ಬೇಡ ಎನ್ನುತ್ತಿದ್ದರು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ತಿರುಚಿದ ಪಾದದ ಬಾಲಕ

ವಿಲಿಯಂ ಜಾನ್ ಲಿಟಲ್ ಹುಟ್ಟಿದ್ದು 1810ರ ಆಗಸ್ಟ್‌ನಲ್ಲಿ, ಲಂಡನ್ನಿನ ಆಲ್ಡ್‌ಗೇಟ್ ಪ್ರದೇಶದಲ್ಲಿ. ತಂದೆ ಅಲ್ಲಿ ರೆಡ್ ಲಯನ್ ಎಂಬ ವಸತಿಗೃಹ ನಡೆಸುತ್ತಿದ್ದರು. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಲಿಟಲ್ ಅವರಿಗೆ ಪೋಲಿಯೊ ಬಂತು. ಆಗ ಆ ರೋಗಕ್ಕೆ ಕಾರಣವೇನೆಂದು ಯಾರಿಗೂ ಗೊತ್ತಿರಲಿಲ್ಲ. ಪೋಲಿಯೊ ವೈರಸ್ ಪತ್ತೆಯಾದದ್ದು 1908ರಲ್ಲಿ.

ಪೋಲಿಯೊ ಅವರ ಎಡಗಾಲಿನ ಕೆಲವು ಸ್ನಾಯುಗಳ ಶಕ್ತಿಯನ್ನು ಕಸಿದುಕೊಂಡಿತು. ಒಂದು ಬದಿಯ ಸ್ನಾಯು ಸತ್ವ ಕಳೆದುಕೊಂಡಾಗ ಎದುರು ಬದಿಯದು ಎಳೆಯುತ್ತಲೇ ಇರುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ತಂಡ ಕೈಬಿಟ್ಟರೆ ಹಗ್ಗ ಇನ್ನೊಂದು ತಂಡದ ಕಡೆಗೆ ಹೋಗುವಂತೆ, ಅವರ ಪಾದ ಒಳಕ್ಕೆ ಮತ್ತು ಕೆಳಕ್ಕೆ ತಿರುಗಿತು. ಹಿಮ್ಮಡಿ ಮೇಲಕ್ಕೆದ್ದು ನಿಂತಿತು. ಈ ಸ್ಥಿತಿಯನ್ನು ಇಂದು ನಾವು ಕ್ಲಬ್‌ಫುಟ್ ಎನ್ನುತ್ತೇವೆ.

ಬಾಲಕ ಓದಿನಲ್ಲಿ ಚುರುಕಾಗಿದ್ದ. ಕೆಲವು ಕಾಲ ಫ್ರಾನ್ಸಿನ ಸೇಂಟ್ ಓಮರ್‌ನ ಶಾಲೆಯಲ್ಲಿ ಕಲಿತು ಫ್ರೆಂಚ್ ಭಾಷೆಯಲ್ಲಿ ಪಳಗಿದ. ಹದಿಹರೆಯದಲ್ಲೇ ಔಷಧ ತಯಾರಿಸುವ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. 1828ರಲ್ಲಿ ಲಂಡನ್ ಹಾಸ್ಪಿಟಲ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾದ. 1832ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೃತ್ತಿಗಿಳಿದ.

ಈ ಎಲ್ಲ ವರ್ಷಗಳಲ್ಲೂ ಆ ಪಾದ ಅವರ ಜೊತೆಗೇ ಇತ್ತು. ಮಗುವಿನ ಚಿಕಿತ್ಸೆಗಾಗಿ ಒಂದು ಊರಿನಿಂದ ಇನ್ನೊಂದು ಊರಿಗೆ, ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಓಡಾಡಿರುವ ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಲಿಟಲ್ ಕೂಡ ಹಾಗೆಯೇ ಹುಡುಕಿದರು. ವ್ಯತ್ಯಾಸ ಇಷ್ಟೇ: ಅವರು ರೋಗಿಯಾಗಿಯೂ ಹುಡುಕಿದರು, ವೈದ್ಯರಾಗಿಯೂ ಹುಡುಕಿದರು.

ಹ್ಯಾನೋವರ್ ನಗರದ ಆ ಶಸ್ತ್ರಚಿಕಿತ್ಸೆ

ಹಿಮ್ಮಡಿಯ ಹಿಂದೆ ಗಟ್ಟಿಯಾದ ಹಗ್ಗದಂತೆ ಕೈಗೆ ಸಿಗುವುದು ಅಕಿಲಿಸ್ ಸ್ನಾಯುರಜ್ಜು. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಪಟ್ಟಿ ಅದು. ಅದನ್ನು ಕತ್ತರಿಸಿದರೆ ಪಾದ ಕೆಳಗೆ ಬರಬಹುದು ಎಂಬ ಆಲೋಚನೆ ಆ ಕಾಲಕ್ಕೆ ಹೊಸದಾಗಿರಲಿಲ್ಲ. ಫ್ರಾನ್ಸಿನ ಡೆಲ್ಪೆಕ್ ಎಂಬ ಶಸ್ತ್ರವೈದ್ಯರು 1816ರಲ್ಲೇ ಅದನ್ನು ಮಾಡಿದ್ದರು. ಆದರೆ ಗಾಯ ಕೀವಾಗಿ ರೋಗಿ ಕಷ್ಟಪಡಬೇಕಾಯಿತು. ಸೋಂಕು ಏಕೆ ಆಗುತ್ತದೆ ಎಂದೇ ತಿಳಿಯದ ಕಾಲದಲ್ಲಿ ಹೆಚ್ಚಿನ ವೈದ್ಯರು ಈ ದಾರಿಗೆ ಹೋಗಲಿಲ್ಲ.

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಲೂಯಿ ಸ್ಟ್ರೋಮೇಯರ್ ಎಂಬ ಯುವ ಶಸ್ತ್ರವೈದ್ಯರು ಬೇರೆ ಉಪಾಯ ಕಂಡುಕೊಂಡಿದ್ದರು. ಚರ್ಮವನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರದ ಮೂಲಕ ತೆಳುವಾದ ಚಾಕುವನ್ನು ಒಳಗೆ ತೂರಿಸಿ, ಚರ್ಮದ ಅಡಿಯಲ್ಲೇ ಸ್ನಾಯುರಜ್ಜನ್ನು ಕತ್ತರಿಸುವುದು. ಗಾಯ ಚಿಕ್ಕದು, ಆದ್ದರಿಂದ ಕೀವಾಗುವ ಭಯ ಕಡಿಮೆ. ಗಾಯ ಆರಿದ ಮೇಲೆ ಪಾದವನ್ನು ಒಂದು ಸಾಧನಕ್ಕೆ ಕಟ್ಟಿ, ದಿನದಿನವೂ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ ನೇರ ಸ್ಥಿತಿಗೆ ತರುತ್ತಿದ್ದರು.

ಲಿಟಲ್ 1836ರಲ್ಲಿ ಅವರನ್ನು ಹುಡುಕಿಕೊಂಡು ಹೋದರು. ಅದೇ ವರ್ಷ ಜೂನ್‌ನಲ್ಲಿ ಸ್ಟ್ರೋಮೇಯರ್ ಅವರ ಎಡಗಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಗ ಲಿಟಲ್ ಅವರಿಗೆ 25 ವರ್ಷ. ಪ್ರಜ್ಞೆ ತಪ್ಪಿಸುವ ಈಥರ್ ಬಳಕೆ ಪ್ರಸಿದ್ಧಿಗೆ ಬಂದದ್ದು ಇದಾದ ಹತ್ತು ವರ್ಷಗಳ ನಂತರ, 1846ರಲ್ಲಿ. ಅಂದರೆ ಅವರು ಎಚ್ಚರವಾಗಿದ್ದುಕೊಂಡೇ ಇದನ್ನು ಸಹಿಸಿದರು.

ಪಾದ ನೇರವಾಯಿತು. ಅಂಗಾಲು ನೆಲಕ್ಕೆ ತಾಗಿತು. ಲಿಟಲ್ ಹ್ಯಾನೋವರ್‌ನಲ್ಲಿಯೇ ಉಳಿದು ಆ ವಿಧಾನವನ್ನು ಕಲಿತರು. ಬಳಿಕ ಬರ್ಲಿನ್‌ಗೆ ಹೋಗಿ ಅಲ್ಲಿನ ಖ್ಯಾತ ಶಸ್ತ್ರವೈದ್ಯ ಡೀಫೆನ್‌ಬಾಕ್ ಅವರಿಗೆ ತಮ್ಮ ಕಾಲನ್ನೇ ತೋರಿಸಿದರು. ಅದನ್ನು ಕಂಡ ಡೀಫೆನ್‌ಬಾಕ್ ತಾವೂ ಈ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಕ್ಲಬ್‌ಫುಟ್ ಕುರಿತು ಪ್ರಬಂಧ ಬರೆದು 1837ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಿಂದ ಲಿಟಲ್ ವೈದ್ಯಕೀಯ ಪದವಿ ಪಡೆದರು. ಅದೇ ವರ್ಷ ಲಂಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಮುಂದೆ ಹುಟ್ಟಿದ ತಮ್ಮ ಒಬ್ಬ ಮಗನಿಗೆ ಲೂಯಿ ಸ್ಟ್ರೋಮೇಯರ್ ಲಿಟಲ್ ಎಂದು ಹೆಸರಿಟ್ಟರು. ತನ್ನ ಕಾಲನ್ನು ಸರಿಪಡಿಸಿದವರನ್ನು ಅವರು ನೆನಪಿಟ್ಟುಕೊಂಡ ರೀತಿ ಅದು.

ಬಡ ಮಕ್ಕಳಿಗಾಗಿ ಆಸ್ಪತ್ರೆ, ಕಣ್ಣಿಗೆ ಬಿದ್ದ ಹೊಸ ಸಮಸ್ಯೆ

ಲಂಡನ್ನಿನಲ್ಲಿ ಅಂಗವಿಕಲ ಮಕ್ಕಳಿಗೆಂದೇ ಒಂದು ಚಿಕಿತ್ಸಾಲಯ ಬೇಕು ಎಂದು ಲಿಟಲ್ ಹೊರಟರು. 1840ರಲ್ಲಿ ಬ್ಲೂಮ್ಸ್‌ಬರಿ ಪ್ರದೇಶದಲ್ಲಿ ಅದು ಕೆಲಸ ಆರಂಭಿಸಿತು. ಬಳಿಕ ಅದು ರಾಯಲ್ ಆರ್ಥೋಪೀಡಿಕ್ ಹಾಸ್ಪಿಟಲ್ ಆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇತರ ಆಸ್ಪತ್ರೆಗಳೊಂದಿಗೆ ಸೇರಿ ಇಂದಿನ ರಾಯಲ್ ನ್ಯಾಷನಲ್ ಆರ್ಥೋಪೀಡಿಕ್ ಹಾಸ್ಪಿಟಲ್ ಆಗಿ ಬೆಳೆಯಿತು.

ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಎಲ್ಲರದೂ ಕ್ಲಬ್‌ಫುಟ್ ಆಗಿರಲಿಲ್ಲ. ಕೆಲವು ಮಕ್ಕಳ ಕಾಲುಗಳು ಲಿಟಲ್ ಅವರ ಕಾಲಿನಂತೆ ಸೋತು ಸಡಿಲವಾಗಿರಲಿಲ್ಲ, ಬಿಗಿದುಕೊಂಡಿದ್ದವು. ತೊಡೆಗಳು ಒಂದಕ್ಕೊಂದು ಅಂಟಿದಂತೆ, ಮೊಣಕಾಲು ಮಡಚಿದಂತೆ, ಹಿಮ್ಮಡಿ ಎದ್ದಂತೆ ಇರುತ್ತಿದ್ದವು. ಕೆಲವರ ಕೈಗಳೂ ಬಿಗಿಯಾಗಿದ್ದವು, ಮಾತು ತಡವಾಗಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ವ್ಯತ್ಯಾಸ ನಿಮಗೂ ಮುಖ್ಯ.

ಪೋಲಿಯೊದಲ್ಲಿ ಹಾನಿಯಾಗುವುದು ಬೆನ್ನುಹುರಿಯಲ್ಲಿ ಸ್ನಾಯುವಿಗೆ ಆಜ್ಞೆ ಕಳಿಸುವ ನರಕೋಶಗಳಿಗೆ. ಆಜ್ಞೆಯೇ ತಲುಪದ ಸ್ನಾಯು ಸಡಿಲವಾಗಿ ಸೊರಗುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಹಾನಿಯಾಗುವುದು ಬೆಳೆಯುತ್ತಿರುವ ಮೆದುಳಿಗೆ. ಸ್ನಾಯುವಿಗೆ ಆಜ್ಞೆ ತಲುಪುತ್ತದೆ, ಆದರೆ ಅದು ಅಸ್ತವ್ಯಸ್ತವಾಗಿರುತ್ತದೆ. ಕೆಲವು ಸ್ನಾಯುಗಳು ಅಗತ್ಯಕ್ಕಿಂತ ಹೆಚ್ಚು ಬಿಗಿಯುತ್ತವೆ, ಬೇಕಾದಾಗ ಸಡಿಲವಾಗುವುದಿಲ್ಲ. ಮೆದುಳಿನ ಆ ಹಾನಿ ಕಾಲಕಳೆದಂತೆ ಹೆಚ್ಚುವುದಿಲ್ಲ. ಆದರೆ ಮಗು ಎತ್ತರ ಬೆಳೆದಂತೆ ಬಿಗಿದ ಸ್ನಾಯುಗಳು ಮೂಳೆಯ ಜೊತೆ ಸಮನಾಗಿ ಉದ್ದವಾಗದೆ ಹೋಗುವುದರಿಂದ ಕಾಲಿನ ತೊಂದರೆ ಹೆಚ್ಚಬಹುದು.

ಲಿಟಲ್ 1843ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ಮಕ್ಕಳ ಬಿಗಿತವನ್ನು ವಿವರಿಸಿದರು. ಆ ಉಪನ್ಯಾಸಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದವು. 1853ರಲ್ಲಿ ದೇಹದ ವಿಕಲತೆಗಳ ಕುರಿತು ದೊಡ್ಡ ಪುಸ್ತಕ ಬರೆದರು. ವರ್ಷಗಟ್ಟಲೆ ಅವರು ಮಾಡಿದ ಒಂದು ಸರಳ ಕೆಲಸವೆಂದರೆ, ಪ್ರತಿ ಮಗುವಿನ ಹುಟ್ಟಿನ ಕಥೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು. ತಿಂಗಳು ತುಂಬುವ ಮೊದಲೇ ಹುಟ್ಟಿತೇ, ಹೆರಿಗೆ ಕಷ್ಟವಾಯಿತೇ, ಹುಟ್ಟಿದ ಕೂಡಲೇ ಉಸಿರಾಡಿತೇ, ಆಮೇಲೆ ಸೆಳವು ಬಂತೇ ಎಂದು. ಇಂದು ಮಕ್ಕಳ ನರರೋಗ ತಜ್ಞರು ಮೊದಲ ಭೇಟಿಯಲ್ಲಿ ನಿಮ್ಮನ್ನು ಕೇಳುವ ಪ್ರಶ್ನೆಗಳೂ ಇವೇ.

1861ರ ಪ್ರಬಂಧ: ಸರಿಯಾದದ್ದು ಏನು, ತಪ್ಪಿದ್ದು ಏನು?

1861ರ ಅಕ್ಟೋಬರ್‌ನಲ್ಲಿ ಲಿಟಲ್ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ತಮ್ಮ ಪ್ರಸಿದ್ಧ ಪ್ರಬಂಧ ಓದಿದರು. 47 ಮಕ್ಕಳ ವಿವರಗಳನ್ನು ಮುಂದಿಟ್ಟು, ಅಕಾಲಿಕ ಜನನ, ಕಷ್ಟದ ಹೆರಿಗೆ ಮತ್ತು ಹುಟ್ಟುವಾಗ ಉಸಿರುಗಟ್ಟುವುದು ಮಗುವಿನ ಮೆದುಳಿಗೆ ಹಾನಿ ಮಾಡಿ, ಮುಂದೆ ಕೈಕಾಲುಗಳ ಬಿಗಿತಕ್ಕೆ ಕಾರಣವಾಗಬಹುದು ಎಂದು ವಾದಿಸಿದರು. ಷೇಕ್ಸ್‌ಪಿಯರ್ ನಾಟಕದ ಮೂರನೆಯ ರಿಚರ್ಡ್ ರಾಜನ ಹುಟ್ಟಿನ ವರ್ಣನೆಯನ್ನೂ ಪ್ರಸ್ತಾಪಿಸಿದರು. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಈ ಸ್ಥಿತಿಗೆ ಲಿಟಲ್ ಅವರ ಹೆಸರೇ ಅಂಟಿಕೊಂಡಿತು. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಹೆಚ್ಚು ಪ್ರಚಾರಕ್ಕೆ ಬಂದದ್ದು 1889ರಲ್ಲಿ ವಿಲಿಯಂ ಆಸ್ಲರ್ ಬರೆದ ಪುಸ್ತಕದಿಂದ.

ಅವರು ಸರಿಯಾಗಿ ಕಂಡದ್ದು ಬಹಳ. ತೊಂದರೆಯ ಮೂಲ ಕಾಲಿನಲ್ಲಿಲ್ಲ, ಮೆದುಳಿನಲ್ಲಿದೆ ಎಂದು ತೋರಿಸಿದರು. ಅಕಾಲಿಕ ಜನನಕ್ಕೂ ಬಿಗಿದ ಕಾಲುಗಳಿಗೂ ಇರುವ ನಂಟು ಇಂದಿಗೂ ನಿಜ. ಕೈಕಾಲು ಬಿಗಿದ ಎಲ್ಲ ಮಕ್ಕಳಿಗೂ ಬುದ್ಧಿಯ ತೊಂದರೆ ಇರುವುದಿಲ್ಲ ಎಂಬುದನ್ನೂ ಗುರುತಿಸಿದ್ದರು. ಇಂಥ ಮಕ್ಕಳನ್ನು ಕೈಬಿಡಬೇಕಿಲ್ಲ, ಚಿಕಿತ್ಸೆಯಿಂದ ಸುಧಾರಣೆ ಸಾಧ್ಯ ಎಂಬುದು ಅವರ ನಿಲುವು.

ಆದರೆ ಹೆರಿಗೆಯ ಮೇಲೆ ಅವರು ಹೊರಿಸಿದ ಭಾರ ಅಗತ್ಯಕ್ಕಿಂತ ಹೆಚ್ಚಾಯಿತು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದನ್ನು ಪ್ರಶ್ನಿಸಿದರು. ಮನೋವಿಶ್ಲೇಷಣೆಗೆ ಹೆಸರಾದ ಅದೇ ಫ್ರಾಯ್ಡ್ ಮೊದಲು ನರರೋಗ ವೈದ್ಯರಾಗಿದ್ದರು. ಹೆರಿಗೆ ಕಷ್ಟವಾದದ್ದೇ ಕೆಲವೊಮ್ಮೆ ಗರ್ಭದಲ್ಲಿ ಮೊದಲೇ ಆಗಿದ್ದ ತೊಂದರೆಯ ಲಕ್ಷಣವಾಗಿರಬಹುದು ಎಂಬುದು ಅವರ ವಾದ. ಇಂದಿನ ಸಂಶೋಧನೆಗಳು ಈ ಮಾತಿಗೆ ಹತ್ತಿರವಿವೆ. ಗರ್ಭಾವಸ್ಥೆಯ ಸೋಂಕು, ಮೆದುಳಿನ ರಚನೆಯ ವ್ಯತ್ಯಾಸ, ಗರ್ಭದಲ್ಲೇ ಆಗುವ ಪಾರ್ಶ್ವವಾಯು, ವಂಶವಾಹಿಯ ಕಾರಣಗಳು, ಅಕಾಲಿಕ ಜನನ, ಹುಟ್ಟಿದ ನಂತರದ ತೀವ್ರ ಕಾಮಾಲೆ ಅಥವಾ ಮೆದುಳಿನ ಸೋಂಕು ಹೀಗೆ ಅನೇಕ ದಾರಿಗಳಿವೆ. ಹುಟ್ಟುವಾಗ ಉಸಿರುಗಟ್ಟುವುದು ಅವುಗಳಲ್ಲಿ ಒಂದು ಮಾತ್ರ. ಎಷ್ಟೋ ಮಕ್ಕಳಲ್ಲಿ ಒಂದೇ ಒಂದು ಕಾರಣವನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಗರ್ಭಿಣಿಯಾಗಿದ್ದಾಗ ಪ್ರಯಾಣ ಮಾಡಿದೆ, ಮೆಟ್ಟಿಲು ಹತ್ತಿದೆ, ಆಸ್ಪತ್ರೆಗೆ ಹೊರಡುವುದು ಸ್ವಲ್ಪ ತಡವಾಯಿತು ಎಂದು ವರ್ಷಗಟ್ಟಲೆ ತನ್ನನ್ನೇ ದೂರಿಕೊಳ್ಳುವ ತಾಯಂದಿರಿದ್ದಾರೆ. ಅವರನ್ನು ದೂರುವ ಮನೆಯವರೂ ಇದ್ದಾರೆ. ನೀವು ಆ ತಾಯಿಯಾಗಿದ್ದರೆ, ದಯವಿಟ್ಟು ಆ ಹೊರೆಯನ್ನು ಇಳಿಸಿ. ಮಗುವಿನ ಮುಂದಿನ ದಿನಗಳಿಗೆ ನಿಮ್ಮ ಶಕ್ತಿ ಬೇಕು.

ಬಿಗಿತ ಬಿಡಿಸಿದರೆ ಸಾಕೇ?

ಲಿಟಲ್ ಅವರ ಕೈಯಲ್ಲಿದ್ದ ಮುಖ್ಯ ಸಾಧನ ಸ್ನಾಯುರಜ್ಜನ್ನು ಕತ್ತರಿಸಿ ಹಿಗ್ಗಿಸುವುದು. ಕ್ಲಬ್‌ಫುಟ್‌ಗೆ ಅದು ವರವಾಯಿತು. ಬಿಗಿದ ಕಾಲುಗಳಿಗೂ ಅದೇ ದಾರಿ ಎಂದು ಮುಂದಿನ ಪೀಳಿಗೆಯ ವೈದ್ಯರು ಅದನ್ನು ಹೆಚ್ಚಾಗಿ ಬಳಸಿದರು. ಕಾಲಕ್ರಮೇಣ ಒಂದು ಕಹಿ ಅನುಭವವಾಯಿತು.

ಮೀನಖಂಡದ ಸ್ನಾಯು ಕೇವಲ ಹಿಮ್ಮಡಿಯನ್ನು ಮೇಲಕ್ಕೆಳೆಯುವುದಿಲ್ಲ. ನಾವು ನಿಂತಾಗ ಕಣಕಾಲು ಮುಂದಕ್ಕೆ ಬಾಗಿ ಬೀಳದಂತೆ ಹಿಡಿದಿಡುವುದೂ ಅದೇ. ಡೈಪ್ಲೀಜಿಯಾ ಇರುವ ಮಗುವಿನಲ್ಲಿ ಅದನ್ನು ಅತಿಯಾಗಿ ಉದ್ದಗೊಳಿಸಿದರೆ ಅದು ದುರ್ಬಲವಾಗುತ್ತದೆ. ಆಗ ಮಗು ಮೊಣಕಾಲು ಮಡಚಿಕೊಂಡು, ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ತುದಿಗಾಲಿನ ನಡಿಗೆ ಹೋಯಿತು, ಆದರೆ ಅದಕ್ಕಿಂತ ಆಯಾಸದ ನಡಿಗೆ ಬಂತು. ಈ ಕಾರಣಕ್ಕೇ ಇಂದಿನ ಶಸ್ತ್ರವೈದ್ಯರು ಬಹಳ ಎಚ್ಚರದಿಂದ, ಎಷ್ಟು ಬೇಕೋ ಅಷ್ಟೇ ಉದ್ದಗೊಳಿಸುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಸಾಧ್ಯವಾದರೆ ಮುಂದೂಡುತ್ತಾರೆ.

ಇದರಿಂದ ತಿಳಿಯುವ ಪಾಠ ಇದು: ಬಿಗಿಯಾಗಿರುವ ಸ್ನಾಯು ಬಲಶಾಲಿಯಾಗಿರಬೇಕಿಲ್ಲ. ಮಗುವಿನ ಕಾಲು ಮುಟ್ಟಿದರೆ ಕಲ್ಲಿನಂತಿರುತ್ತದೆ, ಬಿಡಿಸಲು ಹೋದರೆ ಬಗ್ಗುವುದಿಲ್ಲ. ಹಾಗಾಗಿ ಅಲ್ಲಿ ಬಲ ಬೇಕಾದಷ್ಟಿದೆ ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ ಅಳೆದು ನೋಡಿದಾಗ ಆ ಸ್ನಾಯುಗಳು ಅದೇ ವಯಸ್ಸಿನ ಇತರ ಮಕ್ಕಳ ಸ್ನಾಯುಗಳಿಗಿಂತ ತೆಳ್ಳಗೂ ದುರ್ಬಲವಾಗಿಯೂ ಇರುತ್ತವೆ. ಮೆದುಳಿನಿಂದ ಬರುವ ಆಜ್ಞೆ ಪೂರ್ತಿಯಾಗಿ ತಲುಪದಿರುವುದು ಒಂದು ಕಾರಣ. ಓಡಾಟ, ಆಟ ಕಡಿಮೆಯಾಗಿ ಸ್ನಾಯು ಬೆಳೆಯದಿರುವುದು ಇನ್ನೊಂದು.

ಬಲ ಹೆಚ್ಚಿಸುವುದು ಬೇಡ ಎಂದಿದ್ದ ಕಾಲ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನಲ್ಲೇ ಬರ್ಟಾ ಬೊಬಾತ್ ಮತ್ತು ಕರೆಲ್ ಬೊಬಾತ್ ದಂಪತಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ಹೊಸ ಬಗೆಯ ಥೆರಪಿಯನ್ನು ರೂಪಿಸಿದರು. ಮಗುವನ್ನು ಹೇಗೆ ಎತ್ತಿಕೊಳ್ಳಬೇಕು, ಹೇಗೆ ಕೂರಿಸಬೇಕು ಎಂಬುದನ್ನು ತಂದೆತಾಯಿಗೆ ಕಲಿಸುವ ಕ್ರಮಕ್ಕೆ ಅವರ ಕೊಡುಗೆ ದೊಡ್ಡದು. ಅವರ ವಿಧಾನ ಜಗತ್ತಿನಾದ್ಯಂತ ಹರಡಿತು. ಆದರೆ ಅದರಲ್ಲಿ ಒಂದು ನಂಬಿಕೆಯೂ ಇತ್ತು. ಭಾರ ಎತ್ತಿಸಿ, ಕಷ್ಟಪಟ್ಟು ವ್ಯಾಯಾಮ ಮಾಡಿಸಿದರೆ ಮಗುವಿನ ಬಿಗಿತ ಇನ್ನೂ ಹೆಚ್ಚುತ್ತದೆ ಎಂಬುದೇ ಆ ನಂಬಿಕೆ. ಹೀಗಾಗಿ ಹಲವು ದಶಕಗಳ ಕಾಲ ಮಕ್ಕಳ ಕಾಲುಗಳನ್ನು ಎಳೆದು ಹಿಗ್ಗಿಸಲಾಯಿತು, ಬಲ ಹೆಚ್ಚಿಸುವ ವ್ಯಾಯಾಮವನ್ನು ದೂರವಿಡಲಾಯಿತು.

1990ರ ದಶಕದಲ್ಲಿ ಕೆಲವು ಸಂಶೋಧಕರು ಈ ನಂಬಿಕೆಯನ್ನು ಪರೀಕ್ಷಿಸಿ ನೋಡಿದರು. 1995ರಲ್ಲಿ ಅಮೆರಿಕದ ಡಯಾನ್ ಡಾಮಿಯಾನೊ ಮತ್ತು ಸಂಗಡಿಗರು ಸ್ಪಾಸ್ಟಿಕ್ ಸೆರೆಬ್ರಲ್ ಪಾಲ್ಸಿ ಇರುವ 14 ಮಕ್ಕಳಿಗೆ ವಾರಕ್ಕೆ 3 ಬಾರಿಯಂತೆ 6 ವಾರ ತೊಡೆಯ ಮುಂಭಾಗದ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಮಕ್ಕಳ ಬಲ ಹೆಚ್ಚಿತು. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 21 ಮಕ್ಕಳು ಮತ್ತು ಹದಿಹರೆಯದವರೊಂದಿಗೆ ಇದನ್ನು ಮನೆಯಲ್ಲೇ ಮಾಡಿ ನೋಡಿದರು. ಮೂರೇ ವ್ಯಾಯಾಮಗಳು: ಹಿಮ್ಮಡಿ ಎತ್ತುವುದು, ಅರ್ಧ ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು. ಭಾರಕ್ಕೆ ಬೆನ್ನಿನ ಮೇಲೊಂದು ಚೀಲ. 6 ವಾರಗಳಲ್ಲಿ ಕಾಲುಗಳ ಬಲ ಹೆಚ್ಚಿತು. ಆಮೇಲೆ ನಡೆದ ಅನೇಕ ಅಧ್ಯಯನಗಳಲ್ಲೂ ಸರಿಯಾಗಿ ಮಾಡಿಸಿದ ಬಲವರ್ಧನೆಯಿಂದ ಬಿಗಿತ ಹೆಚ್ಚಿದ್ದು ಕಂಡುಬರಲಿಲ್ಲ.

ಏನನ್ನು ನಿರೀಕ್ಷಿಸಬಹುದು, ಏನನ್ನು ಇಲ್ಲ?

ಲಿಟಲ್ ಅವರ ಕಥೆ ಕಲಿಸುವ ಇನ್ನೊಂದು ಪಾಠವೆಂದರೆ ಒಂದೇ ಚಿಕಿತ್ಸೆಯ ಮೇಲೆ ಎಲ್ಲ ಆಸೆಯನ್ನೂ ಇಡಬಾರದು. ಬಲವರ್ಧನೆಯ ವಿಷಯದಲ್ಲೂ ಇದು ನಿಜ. ಈ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವ್ಯಾಯಾಮದಿಂದ ಸ್ನಾಯುಬಲ ಹೆಚ್ಚಬಹುದು. ಆದರೆ ಅಷ್ಟರಿಂದಲೇ ನಡಿಗೆಯ ವೇಗ ಅಥವಾ ಒಟ್ಟು ಚಲನೆಯ ಸಾಮರ್ಥ್ಯ ಸುಧಾರಿಸುತ್ತದೆ ಎನ್ನಲು ಪುರಾವೆ ಸಾಲದು.

ಹಾಗಿದ್ದರೆ ಏಕೆ ಮಾಡಬೇಕು? ಬಲ ಎಂಬುದು ಬಂಡವಾಳ ಇದ್ದಂತೆ. ಅದನ್ನು ಮಗು ನಿಜವಾಗಿ ಮಾಡಬೇಕಾದ ಕೆಲಸದಲ್ಲಿ ಬಳಸುವ ಅಭ್ಯಾಸವೂ ಜೊತೆಗೆ ಬೇಕು. ಕುರ್ಚಿಯಿಂದ ತಾನೇ ಏಳುವುದು, ಶಾಲೆಯ ಮೆಟ್ಟಿಲು ಹತ್ತುವುದು, ಶೌಚಾಲಯದಲ್ಲಿ ಕಂಬಿ ಹಿಡಿದು ನಿಲ್ಲುವುದು, ಬಸ್ ಹತ್ತುವುದು ಇಂಥ ಒಂದು ಗುರಿಯನ್ನು ಮೊದಲು ಆರಿಸಿಕೊಂಡು, ಅದಕ್ಕೆ ಬೇಕಾದ ಸ್ನಾಯುಗಳನ್ನು ಬಲಪಡಿಸಿ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಉತ್ತಮ. ಹದಿಹರೆಯದಲ್ಲಿ ದೇಹದ ತೂಕ ಹೆಚ್ಚಿದಾಗ ನಡಿಗೆ ಕಷ್ಟವಾಗುವ ಮಕ್ಕಳಿದ್ದಾರೆ. ಅವರಿಗೂ ಈ ಬಂಡವಾಳ ಬೇಕು.

ಬಲವರ್ಧನೆ ಮೆದುಳಿನ ಹಾನಿಯನ್ನು ಗುಣಪಡಿಸುವುದಿಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೇಳುವವರಿಂದ ದೂರವಿರಿ.

ಮಗುವಿಗೆ ಬಲವರ್ಧನೆ ಹೇಗೆ ಮಾಡಿಸಬೇಕು?

ಮೊದಲು ಫಿಸಿಯೋಥೆರಪಿಸ್ಟ್ ಮಗುವನ್ನು ಪರೀಕ್ಷಿಸಿ ಯೋಜನೆ ಹಾಕಿಕೊಡಬೇಕು. ಸಾಮಾನ್ಯವಾಗಿ ಅವರು ಅನುಸರಿಸುವ ಕ್ರಮ ಹೀಗಿರುತ್ತದೆ:

• ವಯಸ್ಸು: ಹೇಳಿದ್ದನ್ನು ಅರ್ಥಮಾಡಿಕೊಂಡು ಮಾಡುವ ಮಗುವಿಗೆ ಕ್ರಮಬದ್ಧ ವ್ಯಾಯಾಮ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆಟದ ರೂಪದಲ್ಲಿ. ಮಂಡಿಯೂರಿ ಆಟಿಕೆ ಎತ್ತಿಕೊಳ್ಳುವುದು, ಇಳಿಜಾರು ಹತ್ತುವುದು, ಗಾಡಿ ತಳ್ಳುವುದು ಇತ್ಯಾದಿ.
• ಆರಂಭ: ಮೊದಲ 2ರಿಂದ 4 ವಾರ ಕಡಿಮೆ ಭಾರದಲ್ಲಿ, ವಾರಕ್ಕೆ 2 ಬಾರಿ. ಸರಿಯಾದ ಭಂಗಿ ಕಲಿಯುವುದೇ ಆಗಿನ ಗುರಿ.
• ಎಷ್ಟು ಬಾರಿ: ನಂತರ ವಾರಕ್ಕೆ 2ರಿಂದ 4 ಬಾರಿ, ಒಂದು ದಿನ ಬಿಟ್ಟು ಒಂದು ದಿನ. ಸ್ನಾಯುವಿಗೆ ವಿಶ್ರಾಂತಿಯೂ ಬೇಕು.
• ಎಷ್ಟು: ಪ್ರತಿ ವ್ಯಾಯಾಮ 6ರಿಂದ 15 ಸಲ, ಅಂಥ 1ರಿಂದ 3 ಸುತ್ತು. ಕೊನೆಯ ಎರಡು ಮೂರು ಸಲ ಕಷ್ಟವೆನಿಸಬೇಕು, ಆದರೆ ಭಂಗಿ ಕೆಡಬಾರದು.
• ಎಷ್ಟು ಕಾಲ: ಕನಿಷ್ಠ 12ರಿಂದ 16 ವಾರ. ಎರಡು ವಾರ ಮಾಡಿ ಪ್ರಯೋಜನವಿಲ್ಲ ಎಂದು ಬಿಡಬೇಡಿ.
• ಏರಿಕೆ: ಸುಲಭವಾದ ಕೂಡಲೇ ಭಾರವನ್ನು ಸ್ವಲ್ಪ ಹೆಚ್ಚಿಸಬೇಕು. ವರ್ಷವಿಡೀ ಒಂದೇ ಭಾರದಲ್ಲಿ ಮಾಡಿದರೆ ಬಲ ಬೆಳೆಯುವುದಿಲ್ಲ.

ಇದಕ್ಕೆ ದುಬಾರಿ ಸಲಕರಣೆ ಬೇಕಾಗಿಲ್ಲ. ಗಟ್ಟಿಯಾದ ಸ್ಟೂಲ್, ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಕಿಟಕಿಯ ಸರಳು, ಪುಸ್ತಕ ತುಂಬಿದ ಶಾಲಾ ಚೀಲ ಸಾಕು. ಮಹಾನಗರದ ಎರಡು ಕೋಣೆಯ ಮನೆಯಲ್ಲೂ ಇದು ಸಾಧ್ಯ. ಮಾಡಿದ ದಿನ, ಎಷ್ಟು ಸಲ, ಎಷ್ಟು ಭಾರ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಲಿಟಲ್ ಮಾಡಿದ್ದೂ ಅದನ್ನೇ, ತಾಳ್ಮೆಯಿಂದ ಬರೆದಿಡುವುದನ್ನು.

ಮರುದಿನ ಸ್ವಲ್ಪ ಮೈಕೈ ನೋವು ಸಹಜ. ಅದು ಒಂದೆರಡು ದಿನದಲ್ಲಿ ಕಡಿಮೆಯಾಗಬೇಕು.

ಯಾವಾಗ ನಿಲ್ಲಿಸಿ ವೈದ್ಯರನ್ನು ಕೇಳಬೇಕು?

• ಕೀಲಿನಲ್ಲಿ, ವಿಶೇಷವಾಗಿ ಸೊಂಟದ ಕೀಲಿನಲ್ಲಿ ನೋವು ಕಾಣಿಸಿಕೊಂಡರೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸೊಂಟದ ಕೀಲು ಮೆಲ್ಲನೆ ಜಾರುವ ಸಂಭವವಿರುವುದರಿಂದ ವೈದ್ಯರು ಹೇಳಿದ ಕಾಲಕ್ಕೆ ಎಕ್ಸ್‌ರೇ ತಪ್ಪಿಸಬೇಡಿ.
• ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಬೊಟುಲಿನಂ ಟಾಕ್ಸಿನ್ ಇಂಜೆಕ್ಷನ್ ಕೊಟ್ಟಿದ್ದರೆ. ವ್ಯಾಯಾಮ ಯಾವಾಗ, ಎಷ್ಟು ಎಂಬುದನ್ನು ತಂಡವೇ ನಿರ್ಧರಿಸಬೇಕು.
• ಅಪಸ್ಮಾರ ಹತೋಟಿಯಲ್ಲಿಲ್ಲದಿದ್ದರೆ, ಮೂಳೆ ಮುರಿದ ಇತಿಹಾಸವಿದ್ದರೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ.
• ಮಗು ಇದ್ದಕ್ಕಿದ್ದಂತೆ ಮೊದಲು ಮಾಡುತ್ತಿದ್ದುದನ್ನು ಮಾಡಲಾಗದೆ ಹೋದರೆ. ಇದನ್ನು ಸೆರೆಬ್ರಲ್ ಪಾಲ್ಸಿಯ ಭಾಗ ಎಂದುಕೊಂಡು ಸುಮ್ಮನಿರಬೇಡಿ.

ನಿಮ್ಮ ಮಗು ನಡೆಯಲಾರದ ಸ್ಥಿತಿಯಲ್ಲಿದ್ದರೆ ಈ ಲೇಖನ ತಮಗಲ್ಲ ಎಂದುಕೊಳ್ಳಬೇಡಿ. ಅಂಥ ಮಗುವಿಗೆ ಗುರಿ ಬೇರೆ: ಕುತ್ತಿಗೆ ಮತ್ತು ಬೆನ್ನಿನ ಹಿಡಿತ, ಗಾಲಿಕುರ್ಚಿಯಿಂದ ಹಾಸಿಗೆಗೆ ದಾಟುವಾಗ ಕೈಗಳ ನೆರವು, ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ ನಿಲ್ಲುವುದು. ಮಗು ತಾನೇ ಸ್ವಲ್ಪ ಭಾರ ಹೊತ್ತುಕೊಂಡರೂ ಎತ್ತಿ ಇಳಿಸುವ ನಿಮ್ಮ ಬೆನ್ನಿಗೆ ಆರಾಮ.

ನೆರವು ಎಲ್ಲಿ ಸಿಗುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. ಯುಡಿಐಡಿ ಕಾರ್ಡ್ ಯಾವ ರಾಜ್ಯದಲ್ಲಿ ಮಾಡಿಸಿದರೂ ದೇಶದೆಲ್ಲೆಡೆ ಮಾನ್ಯ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಯ ವೆಚ್ಚವೂ ಅದರಲ್ಲಿ ಸೇರುತ್ತದೆ. ಚಿಕ್ಕ ಮಕ್ಕಳಿಗೆ ಸರ್ಕಾರದ ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಲ್ಲಿ ಫಿಸಿಯೋಥೆರಪಿ ದೊರೆಯುತ್ತದೆ. ಇನ್ನೊಂದು ರಾಜ್ಯದಲ್ಲಿ ನೆಲೆಸಿರುವ ಕುಟುಂಬಗಳು ವ್ಯಾಯಾಮದ ಸೂಚನೆಗಳು ತಮಗೆ ಅರ್ಥವಾಗದಿದ್ದರೆ, ಮಾಡಿ ತೋರಿಸಲು ಕೇಳಿ, ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಬಹುದು. ಭಾಷೆ ಬಾರದ ಕಾರಣಕ್ಕೆ ತಪ್ಪು ಭಂಗಿಯಲ್ಲಿ ಮಾಡಿಸುವುದು ಬೇಡ.

ಲಿಟಲ್ ಅವರ ಕೊನೆಯ ವರ್ಷಗಳು

ಲಿಟಲ್ 1884ರವರೆಗೆ ವೃತ್ತಿಯಲ್ಲಿದ್ದು, ಆಮೇಲೆ ಕೆಂಟ್ ಪ್ರಾಂತದ ಹಳ್ಳಿಗಾಡಿಗೆ ಹೋಗಿ ನೆಲೆಸಿದರು. 1894ರ ಜುಲೈನಲ್ಲಿ, 84 ತುಂಬಲು ಕೆಲವೇ ವಾರಗಳಿದ್ದಾಗ ತೀರಿಕೊಂಡರು. ಅವರ ಇಬ್ಬರು ಗಂಡುಮಕ್ಕಳು ಶಸ್ತ್ರವೈದ್ಯರಾದರು. ಅವರಲ್ಲಿ ಮ್ಯೂರ್‌ಹೆಡ್ ಲಿಟಲ್ 1918ರಲ್ಲಿ ಬ್ರಿಟಿಷ್ ಆರ್ಥೋಪೀಡಿಕ್ ಅಸೋಸಿಯೇಷನ್‌ನ ಮೊದಲ ಅಧ್ಯಕ್ಷರಾದರು.

ತಿರುಚಿದ ಪಾದದ ಬಾಲಕನೊಬ್ಬ ಉತ್ತರ ಹುಡುಕುತ್ತಾ ಹೋದದ್ದರಿಂದ, ಬಿಗಿದ ಕಾಲುಗಳ ಸಾವಿರಾರು ಮಕ್ಕಳ ಕಡೆಗೆ ವೈದ್ಯಲೋಕ ತಿರುಗಿ ನೋಡಿತು. ಅವರು ಕಾಲನ್ನು ನೇರ ಮಾಡುವುದನ್ನು ಕಲಿಸಿದರು. ನೇರವಾದ ಕಾಲಿಗೆ ಬಲವೂ ಬೇಕು ಎಂಬುದನ್ನು ಕಲಿಯಲು ಉಳಿದವರಿಗೆ ಇನ್ನೂ ನೂರು ವರ್ಷ ಹಿಡಿಯಿತು. ನಿಮ್ಮ ಮಗು ಅಷ್ಟು ಕಾಯಬೇಕಾಗಿಲ್ಲ.

ಮುಂದಿನ ಬಾರಿ ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ಈ ನಾಲ್ಕು ಪ್ರಶ್ನೆ ಕೇಳಿ. ನನ್ನ ಮಗುವಿನ ಯಾವ ಸ್ನಾಯುಗಳು ದುರ್ಬಲವಾಗಿವೆ? ಹಿಗ್ಗಿಸುವುದರ ಜೊತೆಗೆ ಬಲವರ್ಧನೆಯೂ ಇದೆಯೇ? ಮುಂದಿನ ಮೂರು ತಿಂಗಳಲ್ಲಿ ಮಗು ತಾನೇ ಮಾಡಬೇಕಾದ ಒಂದು ಕೆಲಸ ಯಾವುದು? ಅದನ್ನು ಮನೆಯಲ್ಲಿ ನಾವು ಹೇಗೆ ಅಭ್ಯಾಸ ಮಾಡಿಸಬೇಕು?

ಗಮನಿಸಿ: ಈ ಲೇಖನ ಮಾಹಿತಿಗಾಗಿ ಮಾತ್ರ. ಪ್ರತಿ ಮಗುವಿನ ಸ್ಥಿತಿಯೂ ಬೇರೆ. ಯಾವುದೇ ವ್ಯಾಯಾಮ ಆರಂಭಿಸುವ ಮೊದಲು ನಿಮ್ಮ ಮಗುವನ್ನು ನೋಡುತ್ತಿರುವ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಅವರ ಸಲಹೆ ಪಡೆಯಿರಿ.